ದಣಿವೇ ತರಬೇತಿಯಲ್ಲ

1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್, ಪ್ರೆಸ್, ಹೊಲಿಗೆ ಯಂತ್ರಗಳ ಮುಂದೆ ದಿನವಿಡೀ ದುಡಿಯುವವರು ಬಹಳ ಮಂದಿ. 'ಇಷ್ಟು ದುಡಿದ ಮೇಲೆ ಬೇರೆ ವ್ಯಾಯಾಮವೇಕೆ?' ಎಂಬ ಪ್ರಶ್ನೆ ಇಂತಹ ಕಡೆ ಸಹಜ. ದಣಿವಾಗುವುದು ನಿಜ. ಆದರೆ ದಣಿವು ಬೇರೆ, ದೈಹಿಕ ಕ್ಷಮತೆ ಬೇರೆ. ಈ ವ್ಯತ್ಯಾಸವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಅರಿಯಬಹುದು.

ಕೆಲಸ ಸೊನ್ನೆ, ಖರ್ಚು ಸೊನ್ನೆಯಲ್ಲ

10 ಕಿಲೋಗ್ರಾಂ ತೂಗುವ ಎರಕದ ತುಂಡೊಂದನ್ನು ಅಲುಗಾಡದೆ ಹಿಡಿದು ನಿಂತಿದ್ದೇವೆ ಎನ್ನೋಣ. ಬಲವಿದೆ, ಸ್ಥಾನಪಲ್ಲಟವಿಲ್ಲ. ಆದ್ದರಿಂದ ತುಂಡಿನ ಮೇಲೆ ನಡೆದ ಕೆಲಸ ಸೊನ್ನೆ. ಅದೇ ತುಂಡನ್ನು ಹೊತ್ತ ಮೇಜಿಗೆ ದಣಿವಿಲ್ಲ; ನಮ್ಮ ಕೈ ಮಾತ್ರ ಸೋಲುತ್ತದೆ. ಏಕೆ? ಸ್ನಾಯುವಿನ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ನಡುವಿನ ಕೊಂಡಿಗಳು ಸತತವಾಗಿ ಕೂಡಿ ಬಿಡುತ್ತಿರಬೇಕು. ಇದಕ್ಕೆ ಎಟಿಪಿ ಅಣುಗಳು ಖರ್ಚಾಗುತ್ತವೆ. ಜೊತೆಗೆ, ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತುವುದರಿಂದ ರಕ್ತದ ಹರಿವು ತಗ್ಗುತ್ತದೆ, ರಕ್ತದೊತ್ತಡ ಏರುತ್ತದೆ.

ನಡೆಯುವಾಗ, ಓಡುವಾಗ ಹೀಗಲ್ಲ. ಸ್ನಾಯು ಬಿಗಿದು ಸಡಿಲಗೊಳ್ಳುತ್ತಾ ಪಂಪಿನಂತೆ ರಕ್ತವನ್ನು ಹೃದಯದತ್ತ ತಳ್ಳುತ್ತದೆ. ಹೃದಯಕ್ಕೆ ತರಬೇತಿ ದೊರೆಯುವುದು ಮುಖ್ಯವಾಗಿ ಇಂತಹ ಚಲನೆಯಿಂದ.

ಲಂಡನ್ ಬಸ್ಸಿನ ಪಾಠ

ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲಂಡನ್ನಿನ ಡಬಲ್ ಡೆಕರ್ ಬಸ್ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಕೆಲಸಕ್ಕೆ ಸೇರುವಾಗಲೇ ಚಾಲಕರ ಸೊಂಟದ ಸುತ್ತಳತೆ ಹೆಚ್ಚಿತ್ತೆಂದು ಅವರೇ 1956ರಲ್ಲಿ ತೋರಿಸಿದರು. ಹಾಗಾಗಿ ಎಲ್ಲವೂ ಮೆಟ್ಟಿಲಿನ ಫಲವಲ್ಲ. ಆದರೂ ದುಡಿಮೆ ಎಷ್ಟು ಎಂಬುದರ ಜೊತೆಗೆ ಎಂತಹದು ಎಂಬ ಪ್ರಶ್ನೆಯೂ ಮುಖ್ಯವೆಂಬುದು ಅಲ್ಲಿಂದ ಸ್ಪಷ್ಟವಾಯಿತು.

ತರಬೇತಿ ಎಂದರೇನು?

ವಿರಾಮದಲ್ಲಿರುವ ವ್ಯಕ್ತಿಯ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿದು, ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ದೂರ ಓಟದ ಕ್ರೀಡಾಪಟುವಿನ ಹೃದಯ ಬಡಿತಕ್ಕೆ 100 ಮಿಲಿಲೀಟರ್ ದೂಡಿದರೆ, ಅದೇ 5 ಲೀಟರಿಗೆ 50 ಬಡಿತ ಸಾಕು. ಈ ಬದಲಾವಣೆಗೆ ಎರಡು ಅಗತ್ಯಗಳಿವೆ: ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ಹೊರೆ ಮತ್ತು ನಡುವೆ ವಿಶ್ರಾಂತಿ. ಹೊರೆ ದೇಹಕ್ಕೆ ಪ್ರಚೋದನೆ ನೀಡುತ್ತದೆ. ದೇಹ ಬಲಗೊಳ್ಳುವುದು ವಿಶ್ರಾಂತಿಯಲ್ಲಿ. ದಿನವೂ ಒಂದೇ ಹೊರೆ, ಅರೆಬರೆ ನಿದ್ರೆ ಇದ್ದಲ್ಲಿ ದಣಿವು ಉಳಿಯುತ್ತದೆ, ಕ್ಷಮತೆ ಬೆಳೆಯುವುದಿಲ್ಲ.

ಮಾಡಿ ನೋಡಿ

ಶಾಲೆಯ ಮೆಟ್ಟಿಲುಗಳೇ ಪ್ರಯೋಗಶಾಲೆ. ಒಂದು ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್ ಆಗಿದ್ದರೆ 40 ಮೆಟ್ಟಿಲಿಗೆ 6 ಮೀಟರ್. 60 ಕಿಲೋಗ್ರಾಂ ತೂಕದವರು ಹತ್ತಿದರೆ ಆಗುವ ಕೆಲಸ 60 × 9.8 × 6 = 3528 ಜೂಲ್. 30 ಸೆಕೆಂಡಿನಲ್ಲಿ ಹತ್ತಿದರೆ ಸಾಮರ್ಥ್ಯ ಸುಮಾರು 118 ವಾಟ್. ಸ್ನಾಯುಗಳ ದಕ್ಷತೆ ಸುಮಾರು ಶೇಕಡಾ 25 ಆದ್ದರಿಂದ ದೇಹ ಖರ್ಚುಮಾಡುವ ಶಕ್ತಿ ಇದರ ನಾಲ್ಕು ಪಟ್ಟು, ಉಳಿದದ್ದು ಶಾಖ.

ಹತ್ತಿದ ಕೂಡಲೇ 15 ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. ಕೆಲವು ವಾರ ನಿಯಮಿತವಾಗಿ ವೇಗದ ನಡಿಗೆ ಅಥವಾ ಓಟ ಮಾಡಿದ ನಂತರ, ಅದೇ ಮೆಟ್ಟಿಲುಗಳನ್ನು ಅದೇ 30 ಸೆಕೆಂಡಿನಲ್ಲಿ ಹತ್ತಿ ಮತ್ತೆ ಎಣಿಸಿ. ವಾಟ್ ಅಷ್ಟೇ ಇದ್ದು ನಾಡಿ ಇಳಿದಿದ್ದರೆ ತರಬೇತಿ ಫಲಿಸಿದೆ ಎಂದರ್ಥ. ಹೃದಯ ಅಥವಾ ಶ್ವಾಸದ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ಮಾಡಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ದಿನವಿಡೀ ಯಂತ್ರದ ಮುಂದೆ ನಿಂತವರಿಗೆ ಇದು ಸೋಮಾರಿತನದ ಮೇಲಿನ ಆಕ್ಷೇಪವಲ್ಲ. ಅವರಿಗೆ ಬೇಕಾದದ್ದು ನಡುನಡುವೆ ಕೂರಲು ಅವಕಾಶ, ಒಂದಿಷ್ಟು ಸರಾಗ ನಡಿಗೆ ಮತ್ತು ಸಾಕಷ್ಟು ನಿದ್ರೆ. ಇವನ್ನು ಒದಗಿಸುವ ಹೊಣೆಯಲ್ಲಿ ಕಾರ್ಖಾನೆಗಳಿಗೂ ಪಾಲಿದೆ.