ಕಾಳಿನೊಳಗಿನ ಗುರಾಣಿ

ಕಾಡುಹರಳಿನ ಕಾಯಿಗೊಂಚಲಿನ ಮೇಲೆ ಹಸಿರು, ನೀಲಿ ಬಣ್ಣದಲ್ಲಿ ಥಳಥಳಿಸುವ, ಬೆನ್ನ ಮೇಲೆ ಕಪ್ಪು ಚುಕ್ಕೆಗಳಿರುವ ಹುಳು ಕಂಡರೆ ಹೆಚ್ಚಿನವರು ಜೀರುಂಡೆ ಎಂದುಕೊಳ್ಳುತ್ತಾರೆ. ಅದು ತಿಗಣೆಯ ಬಳಗದ್ದು, ಹೆಸರು ಜ್ಯುವೆಲ್ ಬಗ್. ಜೀರುಂಡೆಯಾದರೆ ಬೆನ್ನ ನಟ್ಟನಡುವೆ ಉದ್ದಕ್ಕೊಂದು ಗೀಟಿರುತ್ತದೆ. ಗಟ್ಟಿಯಾದ ಎರಡು ಮುಂರೆಕ್ಕೆಗಳು ಕೂಡುವ ಜಾಗ ಅದು. ಈ ತಿಗಣೆಗೆ ಗೀಟೇ ಇಲ್ಲ. ಎದೆಭಾಗದಿಂದ ಹಿಂದಕ್ಕೆ ಚಾಚಿದ ಒಂದೇ ತಗಡು ರೆಕ್ಕೆಗಳನ್ನೂ ಹೊಟ್ಟೆಯನ್ನೂ ಮುಚ್ಚಿಕೊಂಡಿರುತ್ತದೆ. ವಿಜ್ಞಾನಿಗಳು ಸ್ಕುಟೆಲಮ್, ಅಂದರೆ ಪುಟ್ಟ ಗುರಾಣಿ, ಎನ್ನುವುದು ಇದನ್ನೇ. ಹಾರುವಾಗಲೂ ಅದು ತೆರೆಯದು. ರೆಕ್ಕೆಗಳು ಅಂಚಿನಿಂದ ಹೊರಬರುತ್ತವೆ. ಮುಟ್ಟಿದರೆ ಗಬ್ಬುನಾತ ಬಿಡುವ ತಿಗಣೆಗಳಲ್ಲಿ ಇದೇ ತಗಡು ಬೆನ್ನ ಮೇಲಿನ ಒಂದು ತ್ರಿಕೋನವಷ್ಟೇ.

ಕೋಳಿಯ ಕಾಲಿನ ಮುಂಭಾಗದಲ್ಲಿ ಸಾಲಾಗಿ ಹೊದ್ದುಕೊಂಡಿರುವ ಅಗಲವಾದ ಹುರುಪೆಗಳಿಗೂ ಇದೇ ಹೆಸರು. ಕಾಲಿಗೂ ಪುಕ್ಕವಿರುವ ಪಾರಿವಾಳದ ತಳಿಗಳಲ್ಲಿ ಹುರುಪೆ ಇರಬೇಕಾದಲ್ಲಿ ಗರಿ ಮೂಡುತ್ತದೆ. ಕಾಲನ್ನು ರೂಪಿಸುವ ಜೀನ್ ಮಂಕಾಗಿ, ರೆಕ್ಕೆಯನ್ನು ರೂಪಿಸುವ ಜೀನ್ ಅಲ್ಲಿ ತಲೆಹಾಕಿದ್ದರ ಫಲ ಅದು.

ಇವೆರಡೂ ಹೆಸರಿಗೆ ತಕ್ಕಂತೆ ಮೈ ಕಾಯುವವು. ನನಗೆ ಹೆಚ್ಚು ಕುತೂಹಲವಿರುವುದು ಕಾಯುವ ಗೋಜಿಗೇ ಹೋಗದ ಮೂರನೆಯದರ ಬಗ್ಗೆ. ಮುಸುಕಿನ ಜೋಳದ ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಉದ್ದಕ್ಕೆ ಸೀಳಿದರೆ, ಹಿಟ್ಟಿನ ಭಾಗಕ್ಕೆ ಆತುಕೊಂಡ ಬಿಳಿಚಿದ ಹೋಳೊಂದು ಕಾಣುತ್ತದೆ. ಅದು ಕಾಳಿನ ಏಕೈಕ ಬೀಜದಳ, ಅದೂ ಸ್ಕುಟೆಲಮ್. ಅವರೆಯ ಬೇಳೆಗಳ ಹಾಗೆ ಎರಡಿಲ್ಲ. ಮಣ್ಣಿಂದ ಮೇಲೆ ಬರುವುದೂ ಇಲ್ಲ, ಹಸಿರಾಗುವುದೂ ಇಲ್ಲ. ಮೊಳಕೆಗೂ ಹಿಟ್ಟಿಗೂ ನಡುವೆ ಕೂತು ಊಟ ಬಡಿಸುವುದೇ ಅದರ ಕೆಲಸ. ಬಾರ್ಲಿಯಲ್ಲಿ ಇದು ಚೆನ್ನಾಗಿ ತಿಳಿದಿದೆ: ಕಾಳು ನೀರು ಕುಡಿದ ಮೇಲೆ ಇದರ ಕಡೆಯಿಂದ ಹೊರಟ ಜಿಬ್ಬರೆಲಿನ್ ಹಾರ್ಮೋನು ಹಿಟ್ಟಿನ ಸುತ್ತಲಿನ ತೆಳುಪದರವನ್ನು ಎಬ್ಬಿಸುತ್ತದೆ. ಆ ಪದರ ಸುರಿಸಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಸ್ಕುಟೆಲಮ್ ಅದನ್ನು ಹೀರಿ ಮೊಳಕೆಗೆ ದಾಟಿಸುತ್ತದೆ. ಮೊಳಕೆ ಕಟ್ಟಿದ ರಾಗಿಯ ಸರಿ ತೆಳ್ಳಗೆ, ತುಸು ಸಿಹಿಯಾಗಿ ಕೂಸಿನ ಗಂಟಲಿಗಿಳಿಯುವುದೂ ಪಿಷ್ಟ ಹೀಗೆ ಒಡೆದಿರುವುದರಿಂದಲೇ.

ಅಕ್ಕಿಯಲ್ಲಿ ಬಿ1 ವಿಟಮಿನ್ನಿನ ದೊಡ್ಡ ಪಾಲು ಇರುವುದೂ ಈ ಹೋಳಿನಲ್ಲೇ. ಪಾಲಿಶ್ ಮಾಡಿದರೆ ತೌಡಿನ ಜೊತೆ ಅದೂ ಹೋಯಿತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಆಸ್ಪತ್ರೆಯ ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡರು. ಪಾಲಿಶ್ ಮಾಡದ ಅಕ್ಕಿ ಹಾಕಿದಾಗ ಅವು ಚೇತರಿಸಿಕೊಂಡವು. ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಆದರೆ ಐಕ್‌ಮನ್ ಮೊದಲು ಅಂದುಕೊಂಡಿದ್ದು ಬಿಳಿ ಅಕ್ಕಿಯಲ್ಲೇ ವಿಷವಿದೆ ಎಂದು. ಕೋಳಿ ಬಿದ್ದದ್ದು ಅಕ್ಕಿಯಲ್ಲಿ ಇದ್ದದ್ದರಿಂದಲ್ಲ, ಇಲ್ಲದ್ದರಿಂದ ಎಂದು 1901ರಲ್ಲಿ ಹೇಳಿದವರು ಅವರ ನಂತರ ಆ ಕೆಲಸ ವಹಿಸಿಕೊಂಡ ಗೆರಿಟ್ ಗ್ರೈನ್ಸ್.