ಯಾರೋ ಕರೆದಂತಾಯಿತು

ಕೆಲವು ವರ್ಷಗಳ ಹಿಂದಿನ ಮಾತು. ಒಂದು ರಾತ್ರಿ ಹ್ಯೂಸ್ಟನ್ನಿನಿಂದ ತಮ್ಮನ ಫೋನು. "ಅಕ್ಕಾ, ಪಕ್ಕದ ಅಪಾರ್ಟ್‌ಮೆಂಟಿನವರು ನನ್ನನ್ನೇ ಬೈಯುತ್ತಿದ್ದಾರೆ, ಅದೂ ಕನ್ನಡದಲ್ಲಿ!" ಪಕ್ಕದ ಮನೆ ಖಾಲಿಯಾಗಿ ಎರಡು ತಿಂಗಳಾಗಿತ್ತು. ನಾನೂ ನಮ್ಮವರೂ ಕೂಡಲೇ ಡಾಲಸ್ಸಿನಿಂದ ಕಾರು ಹತ್ತಿದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಊರಿನಲ್ಲಿರುವ ಅಮ್ಮನಿಗೆ ಏನು ಹೇಳುವುದು? ಸಂಘದವರಿಗೆ ತಿಳಿದರೆ?

ಅಲ್ಲಿ ಹೋಗಿ ನಾನು ಮಾಡಿದ ಮೊದಲ ತಪ್ಪು, ವಾದ. "ಯಾರೂ ಇಲ್ಲ ಕಣೋ, ಎಲ್ಲಾ ನಿನ್ನ ಕಲ್ಪನೆ" ಎಂದೆ. "ನಿನ್ನ ದನಿಯಷ್ಟೇ ಸ್ಪಷ್ಟವಾಗಿ ಕೇಳುತ್ತಿದೆ ಅಕ್ಕಾ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಮೇಲೆ.

ವೈದ್ಯರು ಹೇಳಿದ ಹೆಸರು ಸ್ಕಿಜೋಫ್ರೇನಿಯಾ. ಇಲ್ಲದ ದನಿ ಕೇಳುವುದು ಭ್ರಮೆ. ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಅಲ್ಲಾಡದ ನಂಬಿಕೆ ಭ್ರಾಂತಿ.

1993ರಲ್ಲಿ ಲಂಡನ್ನಿನ ಸಂಶೋಧಕರು ಇಂಥ ಹನ್ನೆರಡು ಮಂದಿಯ ಮಿದುಳಿನ ಚಿತ್ರ ತೆಗೆದರು. ದನಿ ಕೇಳುವ ಹೊತ್ತಿನಲ್ಲಿ, ಮಾತನ್ನು ಹುಟ್ಟಿಸುವ ಬ್ರೋಕಾ ಭಾಗ ಚುರುಕಾಗಿತ್ತು. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೂವರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ದನಿ ಬಂದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನ ಶಬ್ದವನ್ನು ಗ್ರಹಿಸುವ ಭಾಗವೇ ಆ ಕ್ಷಣಗಳಲ್ಲಿ ಕೆಲಸ ಮಾಡುತ್ತಿತ್ತು!

ಇದು ಹೇಗೆ? ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. "ಇದು ನನ್ನದೇ ಕೈ" ಎಂದು ಮಿದುಳು ಮೊದಲೇ ಗುರುತು ಹಾಕಿಕೊಂಡಿರುತ್ತದೆ. ಮನಸ್ಸಿನ ಒಳಮಾತಿಗೆ ಈ ಗುರುತು ತಪ್ಪಿದರೆ ನಮ್ಮ ಮಾತೇ ಬೇರೆಯವರ ದನಿಯಾಗುತ್ತದೆ ಎಂಬುದು ವಿಜ್ಞಾನಿಗಳ ಒಂದು ಮುಖ್ಯ ವಿವರಣೆ.

ನಮ್ಮ ಟೆಕ್ಸಾಸಿನಲ್ಲೂ ಈ ಹುಡುಕಾಟ ನಡೆದಿದೆ. ಡಾಲಸ್ಸಿನ ಯು.ಟಿ. ಸೌತ್‌ವೆಸ್ಟರ್ನ್‌ನಲ್ಲಿ ಡಾ. ಕ್ಯಾರಲ್ ಟ್ಯಾಮಿಂಗಾ ಅವರ ತಂಡ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಭಾಗ ಅತಿಯಾಗಿ ಚುರುಕಾದರೆ ತಪ್ಪು ನೆನಪುಗಳು ಹುಟ್ಟಬಹುದೇ ಎಂದು ಪರೀಕ್ಷಿಸಿತು. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದವರು ಯೇಲ್ ವೈದ್ಯರೊಡನೆ ಸೇರಿ ಕಂಪ್ಯೂಟರಿಗೆ ಕಥೆಗಳನ್ನು ಅತಿವೇಗದಲ್ಲಿ ಕಲಿಸಿದರು. ಕಥೆಗಳೆಲ್ಲ ಕಲಸಿಹೋಗಿ, ಕಂಪ್ಯೂಟರು "ಬಾಂಬ್ ಇಟ್ಟವನು ನಾನೇ" ಎಂದಿತಂತೆ! ಇದು ಪ್ರಕಟವಾದದ್ದು 2011ರಲ್ಲಿ.

ಆದರೆ ಒಂದು ಮಾತು. ಸ್ಕ್ಯಾನ್ ಒಂದರಿಂದಲೇ ಈ ಕಾಯಿಲೆಯನ್ನು ಗುರುತಿಸಲು ಇಂದಿಗೂ ಆಗದು. ಅದಕ್ಕೆ ವೈದ್ಯರು ಕೂತು ಮಾತಾಡಿಸಲೇಬೇಕು. ಗಡ್ಡೆಯಂಥ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ಕ್ಯಾನ್ ನೆರವಾಗುತ್ತದೆ. ಚಿಕಿತ್ಸೆಗೆ ಔಷಧಿಯೇ ಮುಖ್ಯ. ಔಷಧಿಗೂ ಜಗ್ಗದ ದನಿಗಳಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಲೆಯ ಮೇಲಿಂದ ಅತಿ ಸಣ್ಣ ವಿದ್ಯುತ್ತು ಹಾಯಿಸುವ ಚಿಕಿತ್ಸೆಯ ಬಗ್ಗೆ ಸಂಶೋಧನೆ ನಡೆದಿದೆ.

ಈಗ ನಾನು ತಮ್ಮನೊಡನೆ ವಾದ ಮಾಡುವುದಿಲ್ಲ. "ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಭಯವಾಗಿದೆ ಅಂತ ಗೊತ್ತು" ಎನ್ನುತ್ತೇನೆ. ದನಿ ಪೂರ್ತಿ ಹೋಗಿಲ್ಲ. ಆದರೆ ಅವನು ಕೆಲಸಕ್ಕೆ ಹೋಗುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾದರೆ ದಯವಿಟ್ಟು ಮುಚ್ಚಿಡಬೇಡಿ. ತುರ್ತಾದಾಗ ಇಲ್ಲಿ 988ಕ್ಕೆ, ಭಾರತದಲ್ಲಿ 14416ಕ್ಕೆ ಫೋನ್ ಮಾಡಿ. ಇದನ್ನು ತಮ್ಮನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಈ ಸಲದ ಹಬ್ಬದೂಟಕ್ಕೆ ಚಿತ್ರಾನ್ನ ಕಲಸುವವನು ಅವನೇ. ಸಿಕ್ಕಾಗ ಮಾತಾಡಿಸಿ.