ಸ್ಟೀಮ್ ಟ್ರ್ಯಾಪ್: ಬಿಸಿ ಇದ್ದರೆ ಸರಿ ಇದೆ ಎಂದಲ್ಲ!

ಹಂಗಾಮು ಬಂತೆಂದರೆ ನಮ್ಮ ತುಳಸಿಗೇರಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದೇ ಸದ್ದು. ಮುಧೋಳ, ಜಮಖಂಡಿ, ಬೀಳಗಿ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಹಬೆ ತಯಾರಿಸುತ್ತಾರೆ. ಅದೇ ಹಬೆ ಟರ್ಬೈನ್ ತಿರುಗಿಸುತ್ತದೆ, ರಸವನ್ನೂ ಕುದಿಸುತ್ತದೆ. ಆ ಹಬೆಯ ಪೈಪ್‌ಗಳ ತಳದಲ್ಲಿ ಅಂಗೈಯಗಲದ ಒಂದು ಸಾಧನವಿರುತ್ತದೆ. ಅದೇ ಸ್ಟೀಮ್ ಟ್ರ್ಯಾಪ್.

ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ, ಶಾಖ ಕಳೆದುಕೊಂಡ ಹಬೆ ಪೈಪ್‌ನಲ್ಲೂ ನೀರಾಗುತ್ತದೆ. ಆ ನೀರು ಮತ್ತು ಗಾಳಿ ಹೊರಹೋಗಬೇಕು, ಹಬೆ ಮಾತ್ರ ಒಳಗೇ ಉಳಿಯಬೇಕು. ಏಕೆಂದರೆ ಒಂದು ಕಿಲೋ ನೀರನ್ನು 30ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 293 ಕಿಲೋಜೂಲ್ ಸಾಕು. ಅದೇ ನೀರು ಹಬೆಯಾಗಲು ಇನ್ನೂ 2,257 ಕಿಲೋಜೂಲ್ ಬೇಕು. ಸೋರುವ ಹಬೆ ಎಂದರೆ ಸೋರುವ ಉರುವಲು.

ಫ್ಲೋಟ್ ಟ್ರ್ಯಾಪ್‌ನಲ್ಲಿ ನೀರು ತುಂಬಿದಾಗ ಬುರುಡೆ ತೇಲಿ ಬಾಗಿಲು ತೆರೆಯುತ್ತದೆ. ಡಿಸ್ಕ್ ಟ್ರ್ಯಾಪ್‌ನಲ್ಲಿ ನೀರು ಬಿಲ್ಲೆಯನ್ನು ಎತ್ತುತ್ತದೆ. ಹಬೆ ನುಗ್ಗಿದಾಗ ಬಿಲ್ಲೆಯ ಕೆಳಗೆ ವೇಗ ಹೆಚ್ಚಿ ಒತ್ತಡ ಇಳಿದು ಅದು ಟಪ್ಪೆಂದು ಮುಚ್ಚುತ್ತದೆ. ಥರ್ಮೋಸ್ಟಾಟಿಕ್ ಟ್ರ್ಯಾಪ್ ತಾಪಮಾನದ ವ್ಯತ್ಯಾಸದಿಂದ ನಡೆಯುತ್ತದೆ.

ಇವು ಕೆಡುವುದು ಎರಡು ರೀತಿ. ತೆರೆದೇ ಉಳಿದರೆ ಹಣ ಹೋಗುತ್ತದೆ. ಮುಚ್ಚಿಯೇ ಉಳಿದರೆ ಜೀವವೂ ಹೋಗಬಹುದು. ನಿಂತ ನೀರನ್ನು ಹಬೆ ತನ್ನ ವೇಗದಲ್ಲೇ ಎತ್ತೊಯ್ದು ಪೈಪ್‌ನ ತಿರುವಿಗೋ ವಾಲ್ವ್‌ಗೋ ಅಪ್ಪಳಿಸುತ್ತದೆ. ಈ ‘ವಾಟರ್ ಹ್ಯಾಮರ್’ ಏಟಿಗೆ ಎರಕದ ಕಬ್ಬಿಣವೂ ಒಡೆದೀತು.

ತರಬೇತಿಗೆ ಹೋಗಿದ್ದ ಕಾರ್ಖಾನೆಯೊಂದರಲ್ಲಿ ಹಿರಿಯ ಫಿಟ್ಟರ್ ಒಬ್ಬರು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಟ್ರ್ಯಾಪ್‌ಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸುತ್ತಿದ್ದರು. ಅವರಿಂದ ಕಲಿತ ಕ್ರಮ ಇದು. ಮೊದಲು ತಾಪಮಾನ ನೋಡಿ. ಟ್ರ್ಯಾಪ್ ತಣ್ಣಗಿದ್ದರೆ ಹಿಂದಿನ ವಾಲ್ವ್ ಮುಚ್ಚಿದೆಯೇ, ಸ್ಟ್ರೈನರ್‌ನಲ್ಲಿ ಕಸ ಕಟ್ಟಿದೆಯೇ ಎಂದು ಪರೀಕ್ಷಿಸಿ. ಬಿಸಿ ಇದ್ದರೂ ನಂಬಬೇಡಿ. ಹಬೆ ಸೋರುವ ಟ್ರ್ಯಾಪ್ ಕೂಡ ಬಿಸಿಯೇ. ಈಗ ಕಿವಿಗೊಡಿ. ಡಿಸ್ಕ್ ಟ್ರ್ಯಾಪ್ ಬಿಟ್ಟು ಬಿಟ್ಟು ಟಪ್ ಎಂದರೆ ಆರೋಗ್ಯ. ಪಟಪಟ ಎನ್ನುತ್ತಿದ್ದರೆ ಸವೆದಿದೆ. ನಿಲ್ಲದ ಸೀಟಿಯಂಥ ಸದ್ದು ಬಂದರೆ ಹಬೆ ಸೋರುತ್ತಿದೆ. ಬೈಪಾಸ್ ವಾಲ್ವ್ ತೆರೆದಿದ್ದರೂ ಹಬೆ ನಷ್ಟವಾಗುತ್ತದೆ, ಅದನ್ನೂ ನೋಡಿ.

ಹೊರಗೆ ಬಿಳಿ ಆವಿ ಕಂಡ ಕೂಡಲೇ ಟ್ರ್ಯಾಪ್ ಬದಲಿಸಬೇಡಿ. ಒತ್ತಡದಿಂದ ಹೊರಬಂದ ಬಿಸಿನೀರಿನ ಒಂದು ಪಾಲು ಸಹಜವಾಗಿಯೇ ಆವಿಯಾಗುತ್ತದೆ. ಅದು ನೀರಿನ ಜೊತೆ ನಿಧಾನವಾಗಿ ತೇಲುತ್ತದೆ. ಸೋರುವ ಹಬೆಯಾದರೆ ರಭಸದಿಂದ ಚಿಮ್ಮುತ್ತದೆ. ಬಾಯಿಯ ಹತ್ತಿರ ಕಣ್ಣಿಗೂ ಕಾಣದು. ಕೈ ಒಡ್ಡೀರಿ, ಜೋಕೆ! ಎರಡೂ ಬದಿಯ ವಾಲ್ವ್ ಮುಚ್ಚಿ ಒತ್ತಡ ಇಳಿಸದೆ ಟ್ರ್ಯಾಪ್ ಬಿಚ್ಚಲೇಬಾರದು.

ಕಾರ್ಖಾನೆಗಳಲ್ಲಿ ಕೆಲಸ ಹುಡುಕುವ ಗೆಳೆಯರೇ, ಬಾಯ್ಲರ್‌ನ ದಕ್ಷತೆಯ ಸೂತ್ರ ನಮಗೆಲ್ಲ ಬಾಯಿಪಾಠ. ಅದರ ಜೊತೆ ಈ ಪುಟ್ಟ ಸಾಧನದ ಸದ್ದನ್ನೂ ಕಲಿಯೋಣ. ಹಂಗಾಮು ಮುಗಿದ ಮೇಲೆ ಟ್ರ್ಯಾಪ್ ಬಿಚ್ಚಿ ತೊಳೆಯಬಹುದು. ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹಬೆ ಹರಿಯುತ್ತಿರುವಾಗ ಮಾತ್ರ.